ವಾಲ್ವಿನ ಎತ್ತರ

"ಊಪರ್ ಲಗಾವ್ ಭೈಯಾ. ಔರ್ ಊಪರ್. ಲಾಫ್ಟ್ ಕೇ ಬಾಜೂ ಮೇ."

ಅಡುಗೆಮನೆಯಿಂದ ಮಗ ಚೇತನನ ದನಿ ಬಂದಾಗ ಕಾಶವ್ವ ಹಾಲ್‌ನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ಅಲ್ಲೇ ನಿಂತಿತು. ಇನ್ನೂ ಮೇಲೆ, ಅಟ್ಟದ ಪಕ್ಕಕ್ಕೆ ಹಾಕು ಎಂದು ಅವನು ದನಿ ತಗ್ಗಿಸಿ ಹೇಳಿದ್ದ, ಅದೂ ಹಿಂದಿಯಲ್ಲಿ, ತಾಯಿಗೆ ತಿಳಿಯದಿರಲಿ ಎಂಬ ಹುಷಾರಿಯಲ್ಲಿ. ನಲವತ್ತು ವರ್ಷ ಭಾಂಡುಪಿನ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ಜಗಳಾಡಿದ ಹೆಂಗಸಿಗೆ ಹಿಂದಿ ಬರುವುದಿಲ್ಲವೆಂದು ಅವನು ಯಾವಾಗ ತೀರ್ಮಾನ ಮಾಡಿದನೋ ದೇವರಿಗೇ ಗೊತ್ತು.

"ಊಪರ್ ನಹೀ ಚಲೇಗಾ ಸರ್," ಎಂದ, ಗ್ಯಾಸ್ ಜೋಡಿಸಲು ಬಂದಿದ್ದ ಫಿಟ್ಟರ್ ಮನೀಶ್. "ವಾಲ್ವ್ ಹಾಥ್ ಕೋ ಮಿಲ್ನಾ ಮಂಗತಾ. ರೂಲ್ ಹೈ."

"ಮೇರೇ ಹಾಥ್ ಕೋ ಮಿಲೇಗಾ ನಾ? ಬಸ್. ಮಮ್ಮೀ ಕೇ ಹಾಥ್ ಕೋ ನಹೀ ಮಿಲ್ನಾ ಚಾಹಿಯೇ."

ಮಗನ ಕೈಗೆ ಸಿಗಬೇಕು, ತಾಯಿಯ ಕೈಗೆ ಸಿಗಬಾರದು. ಕಾಶವ್ವ ಸುಲಿದ ಎಸಳನ್ನು ಬಟ್ಟಲಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು, ಆದರೆ ಸುಲಿಯದೆ ಬರಿದೇ ಹಿಡಿದುಕೊಂಡು ಕೂತಳು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಗ್ಯಾಸ್ ಬರಲಿ ಎಂದು ಮಗ ಒಪ್ಪಿದಾಗ ಈ ಕರಾರನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗ ಗುರುತುಪರಿಚಯವಿಲ್ಲದ ಫಿಟ್ಟರನ ಮುಂದೆ ಹೇಳುತ್ತಿದ್ದ.

ಬಿ ವಿಂಗ್‌ಗೆ ಪೈಪಿನ ಗ್ಯಾಸ್ ಬರುತ್ತದೆಂದು ಸೊಸೈಟಿಯ ಸೆಕ್ರೆಟರಿ ಸದಾನಂದ ಶೆಟ್ಟರು ಗಣಪತಿ ಹಬ್ಬದಲ್ಲಿ ಮೈಕಿನಲ್ಲಿ ಸಾರಿದ ದಿನದಿಂದ ಕಾಶವ್ವ ಕಾಯುತ್ತಿದ್ದಳು. ಅಟ್ಟದ ಮೇಲೆ ಹಳೆಯ ಚಾದರದಲ್ಲಿ ಸುತ್ತಿಟ್ಟಿದ್ದ ತನ್ನ ಸ್ಟೀಲಿನ ಒಲೆಯನ್ನು ಸೊಸೆ ರಾಧಿಕಾಳ ಕೈಲಿ ಇಳಿಸಿಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬರ್ನರಿನ ಒಂದೊಂದು ತೂತನ್ನೂ ಸೂಜಿಯಿಂದ ಬಿಡಿಸಿ ಇಟ್ಟಿದ್ದಳು. ಬಿಳಿಜೋಳ ತರಿಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದ್ದಳು. ಒಂದೂವರೆ ವರ್ಷದಿಂದ ಅವಳು ಈ ಮನೆಯಲ್ಲಿ ಒಂದು ಕಪ್ ಚಹಾ ಕೂಡ ತನ್ನ ಕೈಯಾರೆ ಕಾಸಿಕೊಂಡಿರಲಿಲ್ಲ. ಗ್ಯಾಸ್ ಬಂದ ದಿನವೇ ಅಡುಗೆಮನೆ ತನಗೆ ಮರಳಿ ಸಿಗುತ್ತದೆಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಈ ಒಂದೂವರೆ ವರ್ಷ ಮನೆಯನ್ನು ಆಳಿದ್ದು ಕರೆಂಟಿನ ಒಲೆ, ಕರಿ ಗಾಜಿನ ಇಂಡಕ್ಷನ್. ಅದಕ್ಕೆ ತಿರುಗಿಸಲು ಕಿವಿಯಿಲ್ಲ, ಒತ್ತಲು ಗುಂಡಿಯಿಲ್ಲ, ಎಲ್ಲಿ ಮುಟ್ಟಿದರೂ ಒಂದೇ ನುಣುಪು. ಕಾವು ಹೆಚ್ಚಿಸಿದರೂ ಗುಂಯ್, ತಗ್ಗಿಸಿದರೂ ಗುಂಯ್. ಕಾಶವ್ವನ ತಳ ಬಾಗಿದ ಕಬ್ಬಿಣದ ಹಂಚನ್ನು ಅದು ಒಪ್ಪಲಿಲ್ಲ, ಅಲ್ಯೂಮಿನಿಯಂ ಬೋಗುಣಿಯನ್ನೂ ಒಪ್ಪಲಿಲ್ಲ. ಇಟ್ಟ ಕೂಡಲೇ ಕುಂಯ್ ಕುಂಯ್ ಎಂದು ರಂಪ ಮಾಡಿ ತಾನೇ ಆರಿಹೋಗುತ್ತಿತ್ತು. ಅತ್ತೆಗೆ ಸ್ವಲ್ಪ ಮಬ್ಬು ಕಾಣುತ್ತದೆ, ಅಷ್ಟೇ ಎಂದುಕೊಂಡಿದ್ದ ರಾಧಿಕಾ ಒಳ್ಳೆಯ ಮನಸ್ಸಿನಿಂದ ಒಂದು ಉಪಾಯ ಮಾಡಿದಳು. ಹಣೆಗೆ ಹಚ್ಚಿಕೊಳ್ಳುವ ದಪ್ಪ ಮಖಮಲ್ಲಿನ ಕೆಂಪು ಟಿಕಳಿಗಳನ್ನು ತೆಗೆದು ಆನ್ ಮಾಡುವ ಜಾಗಕ್ಕೆ ಒಂದು, ಕಾವು ಹೆಚ್ಚಿಸುವಲ್ಲಿ ಒಂದು, ತಗ್ಗಿಸುವಲ್ಲಿ ಒಂದು ಅಂಟಿಸಿದಳು. ಒಲೆ ಮುತ್ತೈದೆಯಂತೆ ಶೋಭಿಸಿತು. ಆದರೆ ಟಿಕಳಿಯ ಮೇಲೆ ಒತ್ತಿದರೆ ಬೆರಳು ಬಂದದ್ದೇ ಅದಕ್ಕೆ ತಿಳಿಯುತ್ತಿರಲಿಲ್ಲ, ಬದಿಗೆ ಒತ್ತಿದರೆ ಇನ್ನೇನೋ ಆಗುತ್ತಿತ್ತು. ವಾರದೊಳಗೆ ಬಿಸಿಗೂ ನೀರಿಗೂ ಟಿಕಳಿಗಳು ಜಾರತೊಡಗಿದವು. ಒಂದು ಚೇತನನ ಸಾರಿನ ಬಟ್ಟಲಿನಲ್ಲಿ ಸಿಕ್ಕಿತು. "ನನಗ ಈ ಡಬ್ಬಿ ಒಗ್ಗಂಗಿಲ್ಲ ಯವ್ವಾ," ಎಂದು ಹೇಳಿ ಕಾಶವ್ವ ಅಡುಗೆಮನೆಯಿಂದ ಹೊರಗೆ ಬಂದವಳು ಮತ್ತೆ ಒಲೆ ಮುಟ್ಟಿರಲಿಲ್ಲ.

ಅಂದಿನಿಂದ ರಾಧಿಕಾ ಬೆಳಿಗ್ಗೆ ಐದೂವರೆಗೆ ಎದ್ದು, ಒಂದೇ ಒಲೆಯ ಮೇಲೆ ಕುಕ್ಕರ್ ಇಳಿಸಿ ಬಾಣಲೆ, ಬಾಣಲೆ ಇಳಿಸಿ ತವಾ ಎಂದು ಏಗಿ, ಮೂರು ಡಬ್ಬಿ ಕಟ್ಟಿಟ್ಟು ಮುಲುಂಡಿನ ಲ್ಯಾಬಿಗೆ ಓಡುತ್ತಿದ್ದಳು. ಚೇತನ ಬಾಂದ್ರಾದ ಆಫೀಸಿಗೆ ಹೋಗುತ್ತಿದ್ದ. ಕಾಶವ್ವ ಮಧ್ಯಾಹ್ನ ತನ್ನ ಪಾಲಿನ ಡಬ್ಬಿ ಬಿಚ್ಚಿ ಆರಿದ ಅನ್ನ, ಅಂಗಡಿಯ ಕಡಕ್ ರೊಟ್ಟಿ ತಿನ್ನುತ್ತಿದ್ದಳು. ಆ ಪಾಕೀಟಿನ ರೊಟ್ಟಿಯ ಬಗ್ಗೆ ಅವಳಾಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಿಜ ಹೇಳಬೇಕೆಂದರೆ ಕಾಶವ್ವನಿಗೆ ಮಬ್ಬು ಕಾಣುತ್ತಿರಲಿಲ್ಲ. ಏನೂ ಕಾಣುತ್ತಿರಲಿಲ್ಲ. ಎರಡು ವರ್ಷವಾಗಿತ್ತು. ನಡು ಮಧ್ಯಾಹ್ನ ಕಿಟಕಿ ಎಲ್ಲಿದೆಯೆಂದು ಒಂದಿಷ್ಟು ತಿಳಿಯುತ್ತಿತ್ತು, ಅಷ್ಟೇ. ಇದು ಅವಳ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಗಂಡ ಈರಣ್ಣ ತೀರಿಕೊಂಡ ಎರಡನೇ ತಿಂಗಳಿನಲ್ಲಿ, ಅವಳು ಒಬ್ಬಳೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳುವುದಿಲ್ಲ, ಔಷಧಿ ಬಿಟ್ಟುಕೊಂಡರೆ ಇದ್ದದ್ದು ಇನ್ನಷ್ಟು ದಿನ ಉಳಿದೀತು ಎಂದು ಅವರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮನೆಗೆ ಬಂದು ಮಗನಿಗೆ ಅವಳು ಹೇಳಿದ್ದು ಬೇರೆ: "ಮೋತಿಬಿಂದು ಅಂತ. ಇನ್ನಾ ಕಾಯಿ ಐತಂತ. ಹಣ್ಣಾದ ಮ್ಯಾಲ ತಗೀತಾರಂತ." ಕಣ್ಣಿನ ಪೊರೆ ಬಲಿತ ಮೇಲೆಯೇ ತೆಗೆಸಬೇಕೆಂದು ಗೋಕಾಕದ ಕಡೆ ಅವರ ಮಂದಿಯೆಲ್ಲ ನಂಬಿದ್ದರು. ಚೇತನನೂ ನಂಬಿದ. ಆರು ತಿಂಗಳಿಗೊಮ್ಮೆ "ಹಣ್ಣಾತೇನವ್ವಾ?" ಎಂದು ಕೇಳುವನು. "ಇನ್ನಾ ದೋರಗಾಯಿ," ಎಂದು ಅವಳು ಹೇಳುವಳು. ಮಾವಿನಕಾಯಿಯಾಗಿದ್ದರೆ ಇಷ್ಟು ಹೊತ್ತಿಗೆ ಕೊಳೆತೇ ಹೋಗಿರುತ್ತಿತ್ತು.

ಹೀಗೆ ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಅದನ್ನು ಕಾಶವ್ವ ತನಗೆ ತಾನೇ ಹೇಳಿಕೊಳ್ಳಲೂ ಅಳುಕುತ್ತಿದ್ದಳು. ಹಿಂದೆ ಚಾಳಿನ ಖೋಲಿಯಲ್ಲಿ ಅವಳ ಅತ್ತೆ ಚನ್ನವ್ವನ ಕಣ್ಣು ಹೋದಾಗ ಮುದುಕಿಯನ್ನು ಮೂಲೆಯ ಹೊರಸಿನ ಮೇಲೆ ಕೂರಿಸಿದವಳು ಬೇರೆ ಯಾರೂ ಅಲ್ಲ, ಇದೇ ಕಾಶವ್ವ.

ಡ್ರಿಲ್ಲು ಒಮ್ಮೆ ಗಿರ್ರೆಂದು ನಿಂತಿತು. ಮನೀಶ್ ಜಾಗ ಗುರುತು ಮಾಡುತ್ತಿರಬೇಕು. ಕಾಶವ್ವ ಬೆಳ್ಳುಳ್ಳಿ ಬಟ್ಟಲನ್ನು ಬದಿಗಿಟ್ಟು ಎದ್ದಳು. ಅಡುಗೆಮನೆಯ ಬಾಗಿಲಿಗೆ ಒಂಬತ್ತು ಹೆಜ್ಜೆ. ಎಣಿಸಬೇಕಾದ ಕಾಲ ಹೋಗಿತ್ತು, ಕಾಲುಗಳೇ ಎಣಿಸಿಕೊಳ್ಳುತ್ತಿದ್ದವು.

"ಮ್ಯಾಲ ಬ್ಯಾಡ," ಎಂದಳು ಬಾಗಿಲಲ್ಲಿ ನಿಂತು. "ವಾಲ್ವ್ ನನ್ನ ಕೈಗೆ ಸಿಗೂವಂಗ ಹಚ್ಚಸು."

"ಅವ್ವಾ, ನೀ ಯಾಕ ಬಂದಿ? ಧೂಳ ಐತಿ ಇಲ್ಲೆ. ಹೋಗಿ ಕೂಡ್ರು."

"ಕೂತು ಕೂತು ಸಾಕಾಗೇತಿ. ನಿನ್ನ ಹಿಂದಿ ನನಗೂ ತಿಳೀತೈತಪಾ."

ಸಿಂಕಿನ ಹತ್ತಿರ ರಾಧಿಕಾ ಕೆಮ್ಮಿದಳು, ನಗು ನುಂಗಿದಾಗ ಬರುವಂಥ ಕೆಮ್ಮು. ಚೇತನನಿಗೆ ನಗು ಬರಲಿಲ್ಲ. ಅವನು ದೊಡ್ಡದಾಗಿ ಉಸಿರು ಬಿಟ್ಟ.

"ಜಗಳಾ ಬ್ಯಾಡವ್ವಾ. ಸೇಫ್ಟೀ ಕಾ ಮಾಮಲಾ ಐತಿದು. ನಾವಿಬ್ರೂ ಹೊರಗ ಹೋದ ಮ್ಯಾಲ ಮನ್ಯಾಗ ನೀ ಒಬ್ಬಾಕಿ. ಮ್ಯಾಲಿಂದ ಬಂದ್ ಮಾಡಿ ಹೋದ್ರ ನನಗ ಆಫೀಸಿನ್ಯಾಗ ಟೆನ್ಶನ್ ಇರೂದಿಲ್ಲ. ಆವತ್ತು ಏನಾತು ಗೊತ್ತೈತಲ್ಲ ನಿನಗ?"

ಗೊತ್ತಿತ್ತು. ಒಂದೂವರೆ ವರ್ಷದ ಹಿಂದೆ, ಇದೇ ಕಟ್ಟೆಯ ಮುಂದೆ, ಕಾಶವ್ವ ಒಗ್ಗರಣೆ ಹಾಕುತ್ತಿದ್ದಾಗ ಅವಳ ಸೆರಗಿಗೆ ಬೆಂಕಿ ಹತ್ತಿತ್ತು. ಚೇತನ ಬರಿಗೈಯಿಂದ ಬಡಿದು ಆರಿಸಿದ್ದ. ಅವಳ ಮುಂಗೈ ಬೊಬ್ಬೆ ಎದ್ದು ಹದಿನೈದು ದಿನದಲ್ಲಿ ಮಾಯಿತು. ಅವನ ಅಂಗೈ ಮಾಯಲು ಎರಡು ತಿಂಗಳು ಬೇಕಾಯಿತು. ಮರುದಿನವೇ ಸಿಲಿಂಡರ್ ಹೋಗಿ ಇಂಡಕ್ಷನ್ ಬಂದಿತ್ತು. ಮಗನ ಹೆದರಿಕೆ ಸುಳ್ಳಲ್ಲ ಎಂಬುದು ಕಾಶವ್ವನಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟವಾಗುತ್ತಿತ್ತು.

"ಆಪರೇಶನ್ ಆಗ್ಲಿ," ಎಂದು ಚೇತನ ದನಿ ಮೆತ್ತಗೆ ಮಾಡಿದ. "ಕಣ್ಣು ಕ್ಲಿಯರ್ ಆಗ್ಲಿ. ಆಮ್ಯಾಲ ನಾನೇ ತಳಗ ಹಚ್ಚಿಸಿ ಕೊಡ್ತೀನಿ. ಪ್ರಾಮಿಸ್."

ಮುಂದಿನ ತಿಂಗಳು ಹಣ್ಣಾಗತೈತಿ ಎಂಬ ಮಾತು ಕಾಶವ್ವನ ನಾಲಿಗೆಯ ತುದಿಗೆ ಬಂದಿತ್ತು. ಮೂರು ವರ್ಷದ ರೂಢಿ. ಆದರೆ ಆ ಕ್ಷಣ ಅವಳಿಗೆ ಒಂದು ವಿಷಯ ಹೊಳೆಯಿತು. ವಾಲ್ವನ್ನು ಅಟ್ಟದ ಪಕ್ಕಕ್ಕೆ ಏರಿಸುತ್ತಿರುವುದು ಮಗನಲ್ಲ, ತನ್ನ ಸುಳ್ಳು. ಇಂದೋ ನಾಳೆಯೋ ಕಣ್ಣು ಬರುತ್ತದೆಂದು ಎಲ್ಲರೂ ಕಾಯುತ್ತಿರುವ ತನಕ ಅವಳ ಕೈಗೆ, ಕಿವಿಗೆ, ಮೂಗಿಗೆ ಈ ಮನೆಯಲ್ಲಿ ಕವಡೆಯ ಬೆಲೆಯಿಲ್ಲ. ಬಾರದ ಕಣ್ಣಿಗಾಗಿ ಅವರು ಕಾಯುತ್ತಲೇ ಇರುತ್ತಾರೆ, ಅವಳು ಕೂತೇ ಇರುತ್ತಾಳೆ.

"ಆಪರೇಶನ್ ಇಲ್ಲ ಚೇತೂ," ಎಂದಳು. "ಮೋತಿಬಿಂದೂ ಇಲ್ಲ. ನಾ ಸುಳ್ಳ ಹೇಳಿದ್ದೆ."

ಮನೀಶನಿಗೆ ಕನ್ನಡ ತಿಳಿಯದಿದ್ದರೂ ಅವನ ಕೈಯಲ್ಲಿದ್ದ ಸ್ಪ್ಯಾನರ್ ಸದ್ದಿಲ್ಲದೆ ಕಟ್ಟೆಯ ಮೇಲೆ ಇಳಿಯಿತು.

"ನರ ಒಣಗ್ಯಾವು. ಹೋದದ್ದು ಬರೂದಿಲ್ಲ ಅಂತ ಡಾಕ್ಟರ್ ಆವತ್ತೇ ಹೇಳಿದ್ರು. ಎರಡು ವರ್ಷಾತು, ನನಗ ಏನೂ ಕಾಣಸಂಗಿಲ್ಲ. ನಿನ್ನ ಮಾರಿನೂ ಕಾಣಸಂಗಿಲ್ಲ."

"ಏನಂದಿ?"

"ಕಿವಿ ಐತಲ್ಲ ನಿನಗ. ಕೇಳೀದಿ."

"ಎರಡು ವರ್ಷ?" ಚೇತನನ ದನಿ ಒಡೆಯಿತು. "ಐತವಾರ ಒಬ್ಬಾಕಿ ಸ್ಟೇಷನ್ ಬಜಾರಕ್ಕ ಹೋಗ್ತಿದ್ದಿ ನೀ! ರೋಡ್ ಹೆಂಗ ದಾಟ್ತಿದ್ದಿ?"

"ಮಂದಿ ದಾಟಿದ್ರ ನಾನೂ ದಾಟತಿದ್ದೆ."

"ಮಂದಿ ದಾಟಿದ್ರ!" ಅವನು ಕಟ್ಟೆಗೆ ಕೈ ಬಡಿದ. ಬಾಟಲಿಯೋ ಏನೋ ಉರುಳಿ ಸಿಂಕಿಗೆ ಬಿತ್ತು. "ಬಸ್ಸಿಗೆ ಸಿಕ್ಕಿದ್ರ? ನಾ ಮಗಾ ಅಲ್ಲೇನು ನಿನಗ? ನಮ್ಮ ಮುಂದ ಹೇಳಾಕ ಏನಾಗಿತ್ತು?"

ಈ ಪ್ರಶ್ನೆಗೆ ಉತ್ತರ ಕೊಡದೆ ಈ ಹೊಸ್ತಿಲು ದಾಟುವಂತಿಲ್ಲವೆಂದು ಕಾಶವ್ವನಿಗೆ ಗೊತ್ತಾಯಿತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನಿಮ್ಮ ಅಜ್ಜಿ ನೆನಪೈತೇನು? ಮೂಲ್ಯಾಗಿನ ಹೊರಸು? ಆಕೀನ್ನ ಅಲ್ಲೆ ಕೂಡ್ರಿಸಿದಾಕಿ ನಾನೇ. ಹನ್ನೊಂದು ವರ್ಷ. ಎದ್ದು ಬಂದ್ರ 'ನಿಮಗ್ಯಾಕ ಬೇಕು, ಸುಮ್ಮ ಕೂಡ್ರಿ' ಅಂತಿದ್ದೆ. ಒಮ್ಮೆ ಪಲ್ಯಾ ಹೆಚ್ಚತೀನಿ ಅಂತ ಇಳಗಿ ಕೇಳಿದ್ರು. ನಾ ನಕ್ಕೆ. ಕೆಟ್ಟ ಮನಸ್ಸಿಲೆ ಅಲ್ಲಪಾ, ಆಕಿ ಕೈ ಕೊಯ್ಕೊಂಡಾಳು ಅಂತ ಅಂಜಿಕಿ. ಕಡೀಕ ಆಕಿ ಮಾತಾಡೂದೇ ಬಿಟ್ಟಳು. ಊಟದ ತಾಟು ಕೈಗೆ ಕೊಡತಿದ್ದೆ, ತಗೊಂಡು ತಿಂತಿದ್ದಳು. ನನಗೂ ಹಂಗ ಮಾಡ್ತೀರಿ ಅಂತ ಹೆದರಿ ಸುಳ್ಳ ಹೇಳಿದೆ."

ಈ ಮಾತು ಹೊರಗೆ ಬಂದಾಗ ಅವಳಿಗೆ ನಾಚಿಕೆಯಾಯಿತು, ಜೊತೆಗೇ ಬಹಳ ಕಾಲದಿಂದ ಹೊತ್ತ ಕೊಡವನ್ನು ನೆಲಕ್ಕಿಟ್ಟಂತೆ ಹಗುರವೂ ಆಯಿತು. ನಿಲ್ಲಿಸಬಾರದೆಂದು ಮುಂದುವರಿದಳು.

"ಇನ್ನೊಂದು ಕೇಳು. ಆವತ್ತು ಬೆಂಕಿ ಹತ್ತಿದ್ದು ಕಣ್ಣಿಲ್ಲದ್ದಕ್ಕಲ್ಲ. ಅದಕ್ಕಿಂತ ಮೊದಲ ಆರು ತಿಂಗಳು ಕಣ್ಣಿಲ್ಲದೇ ಅಡಗಿ ಮಾಡಿ ಹಾಕೀನಿ, ನೀವು ಬೆರಳ ಚೀಪಿ ಉಂಡೀರಿ. ಆವತ್ತು ನೀ ಚೀಲ ಸರಸರ ಅನಿಸ್ಕೋತ ಒಳಗ ಬಂದಿ. ಹೊಸಾ ಅಂಗಿ ಅಂದಿ. ಕಾಣಸ್ತೈತಿ ಅಂತ ತೋರಸಬೇಕಾಗಿತ್ತಲ್ಲ ನನಗ? ಉರಿ ಬಿಟ್ಟು ಗಬಕ್ಕನ ನಿನ್ನ ಕಡೆ ತಿರುಗಿ 'ಬಣ್ಣ ಭಾಳ ಚಲೋ ಐತಿ' ಅಂದೆ. ತಿರುಗಿದಾಗ ಸೆರಗು ಜಾರಿ ಒಲಿ ಮ್ಯಾಲ ಬಿತ್ತು. ನಿನ್ನ ಕೈ ಸುಟ್ಟದ್ದು ನನ್ನ ನಾಟಕ, ಗ್ಯಾಸ್ ಅಲ್ಲ."

ಕಾಶವ್ವನಿಗೆ ಮಗನ ಕಡೆ ಕೈ ಚಾಚಬೇಕೆನಿಸಿತು, ಆದರೆ ಚಾಚಲಿಲ್ಲ. ಈಗ ಮುಟ್ಟಿದರೆ ಇಬ್ಬರೂ ಅಳುತ್ತಾರೆ, ಅಳು ಬಂದರೆ ವಾಲ್ವಿನ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

"ನಾಳಿಂದ ಸೆರಗು ಸೊಂಟಕ್ಕ ಸಿಗಸ್ತೀನಿ, ಪಿನ್ ಹಾಕ್ತೀನಿ," ಎಂದಳು. "ನೀವು ಬಂದು ಕರದ್ರ ನಾ ತಿರುಗಿ ನೋಡಂಗಿಲ್ಲ. ಬೆನ್ನು ಕೊಟ್ಟು ಮಾತಾಡ್ತೀನಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅಷ್ಟೇ ನಾ ಕೇಳೂದು."

ಚಪ್ಪಲಿಯ ಸದ್ದಾಯಿತು. ಮುಂಬಾಗಿಲು ತೆರೆಯಿತು, ಧಡ್ಡನೆ ಮುಚ್ಚಲಿಲ್ಲ, ಮೆಲ್ಲಗೆ ಮುಚ್ಚಿತು. ಚೇತನ ಹೊರಟುಹೋಗಿದ್ದ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋಗುವುದು ಏಳನೇ ಮಾಳಿಗೆಯಿಂದ ಬಹಳ ಹೊತ್ತು ಕೇಳುತ್ತಿತ್ತು.

ರಾಧಿಕಾ ಹತ್ತಿರ ಬಂದು ಅತ್ತೆಯ ಭುಜ ಹಿಡಿದಳು. ಅವಳ ಕೈ ಒದ್ದೆಯಾಗಿತ್ತು.

"ನನಗ ಡೌಟ್ ಬಂದಿತ್ರಿ ಅತ್ತಿ. ಆ ಒಲಿ ಮ್ಯಾಗಿನ ಟಿಕಳಿ ಎಲ್ಲಾ ನಾ ಕಿತ್ತು ಒಗದಿದ್ದೆ. ಮರುದಿವಸ ನೀವು 'ಕೆಂಪು ಎಷ್ಟು ಚಂದ ಕಾಣಸ್ತಾವ' ಅಂದ್ರಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾಯ್ದೆ."

"ಚಲೋ ಕಾಯ್ದಿ ಬಿಡು. ಇಬ್ರೂ ಕೂಡಿ ಹಣ್ಣಾಗೂದು ಕಾಯ್ಕೋತ ಕೂತೀವಿ," ಎಂದಳು ಕಾಶವ್ವ. ರಾಧಿಕಾ ಅಳುತ್ತಲೇ ನಕ್ಕಳು.

ಮನೀಶ್ ಗಂಟಲು ಸರಿಮಾಡಿಕೊಂಡ. ಇನ್ನೂ ಆರು ಮನೆ ಬಾಕಿಯಿದ್ದವು ಅವನಿಗೆ. "ತೋ ಮಾಜೀ, ವಾಲ್ವ್ ಕಿಧರ್ ಲಗಾನೇಕಾ?"

ಕಾಶವ್ವ ಅಡುಗೆಮನೆಗೆ ಕಾಲಿಟ್ಟಳು. ಕಟ್ಟೆಯ ಅಂಚನ್ನು ಸೊಂಟಕ್ಕೆ ತಾಗಿಸಿ ತನ್ನ ಹಳೆಯ ಜಾಗದಲ್ಲಿ ನಿಂತಳು. ಬಲಗೈ ಎತ್ತಿ, ಭುಜ ಏಳದಷ್ಟು ಎತ್ತರದಲ್ಲಿ, ಗೋಡೆಗೆ ಅಂಗೈ ಊರಿದಳು.

"ಇಧರ್," ಎಂದಳು.

"ಹಾಥ್ ಮತ್ ಹಿಲಾನಾ," ಎಂದು ಮನೀಶ್ ಅವಳ ಬೆರಳುಗಳ ನಡುವೆಯೇ ಪೆನ್ಸಿಲ್ ತೂರಿಸಿ ಗುರುತು ಹಾಕಿದ. ಆಮೇಲೆ ಡ್ರಿಲ್ಲು ಗೋಡೆ ಕೊರೆಯಿತು. ಸುಣ್ಣದ ಪುಡಿ ಅವಳ ಕಾಲ ಮೇಲೆ ಬಿತ್ತು. ಅವಳು ಹಿಂದೆ ಸರಿಯಲಿಲ್ಲ.

ಉಳಿದ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮನೀಶ್ ಹಳೆಯ ಒಲೆಯಲ್ಲಿ ಗ್ಯಾಸ್ ಚಿಮ್ಮುವ ಜೆಟ್ಟು ಬಿಚ್ಚಿ ಪೈಪಿನ ಗ್ಯಾಸಿಗೆ ಹೊಂದುವ ಬೇರೆ ಜೆಟ್ಟು ಕೂರಿಸಿದ. ರಬ್ಬರ್ ಕೊಳವೆ ಜೋಡಿಸಿ, ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದ. "ಏಕ್ದಮ್ ಫಸ್ಟ್ ಕ್ಲಾಸ್," ಎಂದು ತನಗೆ ತಾನೇ ಶಾಭಾಸ್‌ಗಿರಿ ಕೊಟ್ಟುಕೊಂಡ. ಕೊನೆಗೆ ಒಂದು ಕಾಗದ ತೆಗೆದು, ಮನೆಯಲ್ಲಿ ಅಡುಗೆ ಮಾಡುವವರು ಯಾರು, ಅವರಿಗೇ ತೋರಿಸಿಕೊಡಬೇಕು, ಅವರದೇ ಸಹಿ ಬೇಕು ಎಂದ.

ರಾಧಿಕಾ ಲೈಟರನ್ನು ಅತ್ತೆಯ ಕೈಗೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

ಮನೀಶ್ ಅವಳ ಕೈ ಹಿಡಿದು ವಾಲ್ವ್ ತೋರಿಸಿದ. ಹಿಡಿಕೆ ಪೈಪಿನ ಉದ್ದಕ್ಕೆ ನಿಂತರೆ ಚಾಲೂ, ಅಡ್ಡಕ್ಕೆ ನಿಂತರೆ ಬಂದ್. ಕಾಶವ್ವ ಮೂರು ಸಲ ತಿರುಗಿಸಿ ನೋಡಿದಳು. ಕಣ್ಣಿನ ಹಂಗೇ ಇಲ್ಲದ ಇಂಥ ಸೀದಾ ಯಂತ್ರವನ್ನು ಅಟ್ಟಕ್ಕೆ ಏರಿಸಲು ಹೊರಟಿದ್ದನಲ್ಲ ಇವನು ಎಂದು ಒಳಗೇ ಬೈದುಕೊಂಡಳು. ಸೆರಗನ್ನು ಸೊಂಟಕ್ಕೆ ಬಿಗಿದು, ಬರ್ನರಿನ ಅಂಚಿಗೆ ಲೈಟರ್ ತಾಗಿಸಿ ಒತ್ತಿ, ಒಲೆಯ ಕಿವಿ ತಿರುಗಿಸಿದಳು. ಭಪ್ ಎಂದು ಹತ್ತಿತು. ಕಿವಿ ಹಿಂದಕ್ಕೆ ತಿರುಗಿಸಿದಂತೆ ಸದ್ದು ದಪ್ಪದಿಂದ ಸಣ್ಣಗೆ, ಸಣ್ಣದರಿಂದ ಪಿಸುಮಾತಿನಷ್ಟಾಯಿತು. ಉರಿಯ ಮೇಲೆ ಗೇಣೆತ್ತರದಲ್ಲಿ ಅಂಗೈ ಆಡಿಸಿ ನೋಡಿದಳು. ಒಂದೂವರೆ ವರ್ಷದ ಮೇಲೆ ಒಲೆ ಅವಳ ಜೊತೆ ಮಾತಾಡುತ್ತಿತ್ತು.

"ಎಡಗಡೀ ಬರ್ನರ್ ಒಂದು ತೂತು ಕಟ್ಟೇತಿ. ಒಂದು ಕಡೆ ಕಾವು ಕಮ್ಮಿ," ಎಂದಳು ಸೊಸೆಗೆ. "ಸೂಜಿ ತಾ."

ಮನೀಶ್ ಬಗ್ಗಿ ನೋಡಿ "ಹಾಂ, ಸಹೀ ಬೋಲಾ," ಎಂದ. ಸಹಿಯ ಜಾಗದ ಮೇಲೆ ಅವನೇ ಅವಳ ಬೆರಳನ್ನಿಟ್ಟ. ಕಾಶವ್ವ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಹಿಡಿದು, ಅಕ್ಷರ ಒಂದರ ಮೇಲೊಂದು ಹತ್ತದಂತೆ ಎಡಗೈ ಬೆರಳನ್ನು ಮುಂದೆ ಮುಂದೆ ಸರಿಸುತ್ತ, ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು.

ಮಧ್ಯಾಹ್ನ ಚೇತನ ಊಟಕ್ಕೆ ಬರಲಿಲ್ಲ. ಫೋನ್ ಎತ್ತಲಿಲ್ಲ. "ಬರ್ತಾರ್ರಿ ಅತ್ತಿ, ಎಲ್ಲಿ ಹೋಗ್ತಾರ," ಎಂದು ರಾಧಿಕಾ ಐದು ಸಲ ಹೇಳಿದಳು, ಐದು ಸಲವೂ ಬಾಲ್ಕನಿಗೆ ಹೋಗಿ ಕೆಳಗೆ ನೋಡಿ ಬಂದಳು. ಕಾಶವ್ವ ಮೂರು ಸಲ ಚಹಾ ಮಾಡಿದಳು. ಬೇಕಾಗಿ ಅಲ್ಲ, ಮಾಡಬಹುದಲ್ಲ ಎಂದು. ಮಗನ ಸಿಟ್ಟನ್ನು ಅವಳು ತಾಳಬಲ್ಲಳು. ಅವನು ಮರಳಿ ಬಂದು ಕೈ ಹಿಡಿದು, ಮೆತ್ತಗಿನ ದನಿಯಲ್ಲಿ, 'ಇನ್ನು ನೀ ಏನೂ ಮಾಡಬ್ಯಾಡವ್ವಾ' ಎಂದುಬಿಟ್ಟರೆ ಮಾತ್ರ ತಾಳಲಾರಳು. ನಾಳೆಯೇ ಫಿಟ್ಟರನನ್ನು ಕರೆಸಿ ವಾಲ್ವನ್ನು ಮೇಲೆ ಏರಿಸಿಬಿಟ್ಟರೆ ಅವಳ ಹತ್ತಿರ ಹೇಳಲು ಬೇರೆ ಮಾತು ಉಳಿದಿರಲಿಲ್ಲ.

ಸಂಜೆ ರಾಧಿಕಾ ಮೆಂತ್ಯ ಸೊಪ್ಪು ತರಲು ಸ್ಟೇಷನ್ ಕಡೆ ಹೋದಳು. ಕಾಶವ್ವ ಹಂಚು ಇಟ್ಟು ಹಿಟ್ಟು ನಾದಿದಳು. ಮೊದಲ ರೊಟ್ಟಿ ಅಂಚಿನಲ್ಲಿ ಬಿರಿಯಿತು, ಎರಡನೆಯದು ದಪ್ಪವಾಯಿತು. ಕೈಗೆ ಜಂಗು ಹಿಡಿದಿದೆ ಎಂದು ಗೊಣಗಿಕೊಂಡಳು. ಮೂರನೆಯದಕ್ಕೆ ಬಡಿತ ಕೂಡಿಬಂತು. ಬಡಿಯುವ ಸದ್ದು ಬದಿಯಲ್ಲಿ ತೆಳುವಾದಾಗ ತಿರುಗಿಸಬೇಕು, ನಡುವೆ ತೆಳುವಾದಾಗ ನಿಲ್ಲಿಸಬೇಕು. ಹಂಚಿನಿಂದ ತೆಗೆದು ಉರಿಯ ಮೇಲೆ ನೇರ ಹಿಡಿದಾಗ ಅದು ಉಸ್ಸೆಂದು ಉಬ್ಬಿತು.

ಏಳು ದಾಟಿತ್ತು. ಅಡುಗೆಮನೆಯಲ್ಲಿ ಲೈಟ್ ಹಾಕಿರಲಿಲ್ಲ. ಹೊತ್ತು ಮುಳುಗಿದ ಕೂಡಲೇ ಮನೆಯ ಲೈಟುಗಳನ್ನೆಲ್ಲ ಹಾಕುತ್ತ ಬರುವುದನ್ನು ಈ ಎರಡು ವರ್ಷ ಕಾಶವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಬರುವವರು ನೋಡಲಿ ಎಂದು ಹಾಕುತ್ತಿದ್ದಳು. ಇವತ್ತು ಆ ಕೆಲಸವನ್ನು ಬಿಟ್ಟುಬಿಟ್ಟಿದ್ದಳು.

ಲಿಫ್ಟಿನ ಬಾಗಿಲು ಸರಿಯಿತು. ಬೀಗದಲ್ಲಿ ಕೀಲಿ ತಿರುಗಿತು. ಹೆಜ್ಜೆಗಳು ಹಾಲ್ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತವು. ಕಾಶವ್ವ ತಿರುಗಲಿಲ್ಲ. ಹಿಟ್ಟಿನ ಮೇಲೆ ಕೈ ತನ್ನ ಪಾಡಿಗೆ ಬಡಿಯುತ್ತಿತ್ತು.

"ಬಂದಿ?" ಎಂದಳು ಗೋಡೆಯ ಕಡೆ ಮುಖಮಾಡಿಕೊಂಡೇ.

"ಹ್ಞೂಂ. ಅವ್ವಾ, ಇಷ್ಟು ಕತ್ತಲ್ಯಾಗ..." ಎಂದು ಚೇತನ ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಅವನ ಕೈ ಗೋಡೆಯ ಮೇಲೆ ಸವರುತ್ತ ಸ್ವಿಚ್ಚಿನ ಬೋರ್ಡಿಗೆ ಬಂದದ್ದು ಅವಳಿಗೆ ಕೇಳಿಸಿತು. ಈಗ ಟಿಕ್ ಎನ್ನುತ್ತದೆ ಎಂದುಕೊಂಡಳು. ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು, ನೀರು ಸವರಿದಳು, ಮಗುಚಿದಳು. ಟಿಕ್ ಎನ್ನಲಿಲ್ಲ.

"ತಾಟ ಎಲ್ಲಿ ಅದಾವ?" ಎಂದು ಅವನು ಕೇಳಿದ.

"ನಿನ್ನ ಎಡಕ್ಕ, ಎರಡನೇ ಹಲಗಿ. ತಳಗಿಂದು ತಗೋ. ಮ್ಯಾಗಿಂದು ಹಸಿ ಐತಿ."

ಏನೋ ಮೊಣಕಾಲಿಗೆ ತಾಗಿತು, ಲೋಟವೊಂದು ಉರುಳಿತು, "ಸಾಲಾ" ಎಂದು ಮೆಲ್ಲಗೆ ಬೈದದ್ದೂ ಕೇಳಿಸಿತು. ಕಡೆಗೂ ತಟ್ಟೆ ಸಿಕ್ಕಿತು. ಚೇತನ ಕಟ್ಟೆಗೆ ಬೆನ್ನು ಕೊಟ್ಟು ಅವಳ ಕಾಲ ಬಳಿ ನೆಲದ ಮೇಲೆ ಕೂತ. ಕಾಶವ್ವ ಉಬ್ಬಿದ ರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿದಳು. ಅವನು ತಟ್ಟೆಯ ಅಂಚನ್ನು ಉಗುರಿನಿಂದ ಒಮ್ಮೆ ಬಡಿದ. ಆ ಸದ್ದಿನ ಮೇಲೆ ಅವಳು ರೊಟ್ಟಿ ಹಾಕಿದಳು.